ಮೂರು ಕಡೆ ಬರೆದಿಟ್ಟ ದನಿ

ಕಚೇರಿಯ ಸರ್ವರಿನಲ್ಲಿ ಬರೆದದ್ದೆಲ್ಲ ಮೂರು ಡಿಸ್ಕಿನಲ್ಲಿ ಕೂರುತ್ತದೆ, ಒಂದು ಸತ್ತರೂ ಇನ್ನೆರಡರಲ್ಲಿ ಬದುಕಿರುತ್ತದೆ ಎಂದು ಅಣ್ಣ ಹೇಳಿದ ದಿನವೇ ಅವಳು ಅಜ್ಜಿಯ ಕಥೆಗಳನ್ನು ಅವನ ಕೈಗೊಪ್ಪಿಸಿದ್ದಳು. ಫೋನಿನಲ್ಲಿ ಹಿಡಿದಿಟ್ಟ ನಲವತ್ತೊಂದು ಕಥೆ, ಅಜ್ಜಿಯದೇ ದನಿ, ನಡುನಡುವೆ ಕೆಮ್ಮು. ಏಳು ಸಮುದ್ರದಾಚೆಯ ಗಿಳಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸನ ಕಥೆ ಕೇಳಿ ಬೆಳೆದವಳಲ್ಲವೇ, ಇಲ್ಲಿ ಗಿಳಿಗಳು ಮೂರಿವೆಯೆಂದು ಹಿಗ್ಗಿದಳು. ಜಾಗ ಸಾಲದೆಂದು ಫೋನಿನಲ್ಲಿದ್ದದ್ದನ್ನು ಅಳಿಸಿಯೂಬಿಟ್ಟಳು, ಪೆದ್ದಿ. ಅಜ್ಜಿಗೆ ಮಾತು ಬಿದ್ದುಹೋದದ್ದು ಆಮೇಲೆ.

ಅಣ್ಣ ಕಚೇರಿಯ ಸರ್ವರ್ ಕೋಣೆಗೆ ಯಜಮಾನ. ಅವಳು ಅಲ್ಲೇ ಬಳಕೆದಾರರ ಕೈಪಿಡಿ ಬರೆಯುವವಳು. ಅಂದು ಬೇರೆ ಸಂಸ್ಥೆಯ ಐವರು ನೋಡಲು ಬಂದಿದ್ದರು. ಪರದೆಯ ಮುಂದೆ ಅಣ್ಣನಿಗೆ ರೆಕ್ಕೆ ಮೂಡಿತ್ತು.

"ಈ ಸಾಫ್ಟ್‌ವೇರಿಗೆ ಯಾರಪ್ಪನ ಅಪ್ಪಣೆಯೂ ಬೇಡ ಸಾರ್. ಕೋಡೆಲ್ಲಾ ಬಯಲಲ್ಲೇ ಇದೆ, ಓದಿ, ತಿದ್ದಿ, ಹಂಚಿ. ಸರ್ವರ್ ಒಳಗೇ ಇನ್ನೊಂದು ಮೆಷಿನ್ ಬೇಕಾ? ಒಂದು ನಿಮಿಷ. ಬೇಡ್ವಾ? ಒಂದು ಕ್ಲಿಕ್ಕು."

"ತೋರ್ಸಿ ನೋಡೋಣ," ಎಂದರು ಬಂದವರಲ್ಲಿ ಹಿರಿಯರು.

ಅಣ್ಣ ಪಟ್ಟಿ ಜಾರಿಸಿದ. ಆರು ತಿಂಗಳಿಂದ ಯಾರೂ ಮುಟ್ಟದ ಮೆಷಿನ್ನೊಂದು ಸಿಕ್ಕಿತು. ತಂಗಿಯ ಕಥೆಗಳನ್ನಿಟ್ಟ ಮೆಷಿನ್ನಿಗೆ ತಾನೇ ಕೊಟ್ಟ ನಂಬರು ಅದು, ಅವನಿಗೆ ನೆನಪಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದವಳು ನಂಬರು ಗುರುತಿಸಿ ಎದ್ದು ನಿಂತಳು.

"ಅಣ್ಣಾ, ತಡಿ! ಅದು..."

"ಆಮೇಲೆ ಕಣೇ. ನಮ್ಮ ತಂಗಿ ಸಾರ್, ಕನಸು ಕಾಣೋದೇ ಅವಳ ಕೆಲಸ."

ಎಲ್ಲರೂ ನಕ್ಕರು. 'ಡಿಸ್ಕ್ ಸಮೇತ' ಎಂಬುದಕ್ಕೂ ಗುರುತು ಹಾಕಿ ಅವನು 'ಅಳಿಸು' ಒತ್ತಿದ. ನಿಮಿಷದೊಳಗೆ ಅದೇ ಜಾಗದಲ್ಲಿ ಹೊಸ ಮೆಷಿನ್ ಎದ್ದಿತು, ತೊಳೆದಿಟ್ಟ ಪಾತ್ರೆಯಷ್ಟು ಖಾಲಿ. ಚಪ್ಪಾಳೆ ಬಿತ್ತು.

ಅತಿಥಿಗಳು ಹೋದಮೇಲೆ ಅವಳು ಮೊಗಸಾಲೆಯಲ್ಲಿ ಅವನನ್ನು ಅಡ್ಡಗಟ್ಟಿದಳು. ವಿಷಯ ಕೇಳಿ ಅವನ ಮುಖ ಒಂದು ಕ್ಷಣ ಬಿಳಿಚಿತು, ಅಷ್ಟೆ.

"ಮೂರು ಪ್ರತಿ ಇರುತ್ತೆ ಅಂದಿದ್ಯಲ್ಲ?"

"ಅದು ಡಿಸ್ಕ್ ಕೆಟ್ರೆ ಕಣೇ. ಅಳಿಸು ಅಂದ್ರೆ ಮೂರೂ ಕಡೆ ಅಳಿಸುತ್ತೆ. ಬೇರೆ ನಕಲು ನೀನೇ ಇಟ್ಕೋಬೇಕಿತ್ತು. ಕೈಪಿಡೀಲಿ ಇಲ್ವಾ?"

ಇತ್ತು. ಹತ್ತೊಂಬತ್ತನೆಯ ಪುಟ. ಅವನ ಟಿಪ್ಪಣಿ ನೋಡಿಕೊಂಡು, ಕಿಟಕಿಯಾಚೆ ಮೋಡ ನೋಡುತ್ತ, ಅವಳೇ ಬರೆದದ್ದು.

"ಹೋಗ್ಲಿ, ಆರು ತಿಂಗಳಲ್ಲಿ ಒಂದ್ಸಲನಾದ್ರೂ ಹಾಕ್ಕೊಂಡು ಕೇಳಿದ್ಯಾ?"

ಅವನು ಹೆಗಲು ತಟ್ಟಿ, "ಬಂದಿದ್ದೋರೂ ಅವರ ಆಫೀಸಿಗೆ ಇದೇ ಸಾಫ್ಟ್‌ವೇರ್ ಹಾಕಿಸ್ತಾರಂತೆ," ಎಂದು ಹೊರಟುಹೋದ.

ಸಂಜೆ ಅಜ್ಜಿಯ ಮಂಚದ ಅಂಚಿನಲ್ಲಿ ಕೂತು, ಬಾವಿಯೊಳಗೆ ಊರು ಕಟ್ಟಿದ ಕಪ್ಪೆರಾಣಿಯ ಕಥೆ ಶುರುಮಾಡಿದಳು. ರಾಣಿ ಮೂರನೇ ಮೆಟ್ಟಿಲಿಗೆ ಬಂದಳು, ಹಿಂದಿರುಗಿ ನೋಡಿದಳು. ಆಮೇಲೇನು? ನೆನಪಾಗಲಿಲ್ಲ. ಗೊತ್ತಿದ್ದ ಅಜ್ಜಿ ತುಟಿಯಲುಗಿಸುತ್ತ ಅವಳ ಬಾಯನ್ನೇ ನೋಡುತ್ತಿದ್ದಳು.