ಮಂಗಳವಾರದ ಸಹಿ

ಸುಳ್ಯ ತಾಲೂಕಿನ ಆ ಸರಕಾರಿ ಆಸ್ಪತ್ರೆಯ ಲ್ಯಾಬಿಗೆ ಮಂಜೂರಾದ ಟೆಕ್ನಿಶಿಯನ್ ಹುದ್ದೆ ನಾಲ್ಕು. ಇದ್ದದ್ದು ಸುಪ್ರಿತಾ ಒಬ್ಬಳೇ, ಅದೂ ಗುತ್ತಿಗೆಯಲ್ಲಿ. ಆ ಒಬ್ಬಳನ್ನೂ ಮಂಗಳವಾರ, ಶುಕ್ರವಾರ ಕಡಬದ ಕಡೆಯ ಇನ್ನೊಂದು ಆಸ್ಪತ್ರೆಗೆ ಕಳಿಸುತ್ತಿದ್ದರು; ಅಲ್ಲಿ ಒಬ್ಬರೂ ಇರಲಿಲ್ಲ.

ಆ ಎರಡು ದಿನ ಇಲ್ಲಿಯವರಿಗೆ ಜ್ವರ ಬರಬಾರದೆಂದು ಆದೇಶ ಹೊರಡಿಸಲು ಇಲಾಖೆಗೆ ಸಾಧ್ಯವಿರಲಿಲ್ಲ. ಹಾಗಾಗಿ ಡಾಕ್ಟರ್ ದೇವದಾಸ ದಾರಿ ಕಂಡುಹಿಡಿದರು. ಸುಪ್ರಿತಾ ಹಿಂದಿನ ದಿನವೇ ಖಾಲಿ ರಿಪೋರ್ಟ್ ಹಾಳೆಗಳಿಗೆ ಸಹಿ ಹಾಕಿಡಬೇಕು. ನೆಲ ಒರೆಸುವ ಶೀಲಾವತಿ ರಕ್ತವನ್ನು ಯಂತ್ರಕ್ಕೆ ಕೊಟ್ಟು, ಬಂದ ಅಂಕಿಯನ್ನು ಹಾಳೆಗೆ ಇಳಿಸಬೇಕು. ಯಾವ ಗುಂಡಿ ಒತ್ತುವುದೆಂದು ಸುಪ್ರಿತಾಳೇ ಕಲಿಸಿದ್ದಳು, ಕಡಬದ ಬಸ್ಸಿಗೆ ಓಡುವ ಅವಸರದಲ್ಲಿ, ಹತ್ತು ನಿಮಿಷದಲ್ಲಿ. ಒಂದೂವರೆ ವರ್ಷ ಹೀಗೇ ನಡೆಯಿತು. ಮೇಲಿನವರ ಕಾಗದದಲ್ಲಿ ಆ ಲ್ಯಾಬ್ ಒಂದು ದಿನವೂ ಮುಚ್ಚಿರಲಿಲ್ಲ.

ಜುಲೈಯ ಒಂದು ಮಂಗಳವಾರ ಸಂಪಾಜೆಯ ತೀರ್ಥರಾಮ ಡೆಂಗಿ ಜ್ವರದ ಮಗಳನ್ನು ಕರೆತಂದ. ಯಶಸ್ವಿಗೆ ಹತ್ತೊಂಬತ್ತು. ಯಂತ್ರ ಪ್ಲೇಟ್‌ಲೆಟ್ ಒಂದು ಲಕ್ಷ ಹತ್ತು ಸಾವಿರ ಎಂದು ತೋರಿಸಿ, ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿತು. ಈ ಅಂಕಿಯನ್ನು ನಂಬಬೇಡಿ, ಗಾಜಿನ ಮೇಲೆ ರಕ್ತದ ಹನಿ ಸವರಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿ ಎಂಬುದು ಆ ನಕ್ಷತ್ರದ ಅರ್ಥ. ಶೀಲಾವತಿ ಅಂಕಿಯನ್ನು ಬರೆದಳು, ನಕ್ಷತ್ರವನ್ನು ಬಿಟ್ಟಳು. ಇಷ್ಟಿದ್ದರೆ ಅಪಾಯವಿಲ್ಲವೆಂದು ಡಾಕ್ಟರು ಹುಡುಗಿಯನ್ನು ಮನೆಗೆ ಕಳಿಸಿದರು. ಬುಧವಾರ ಸಂಜೆ ಅವಳ ಒಸಡಿನಿಂದ ರಕ್ತ ಇಳಿಯತೊಡಗಿತು. ಗುರುವಾರ ಮಂಗಳೂರಿಗೆ ಒಯ್ಯುವಾಗ ದಾರಿಯಲ್ಲೇ ಸತ್ತಳು.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಸುಪ್ರಿತಾಳನ್ನು ಕಡಬಕ್ಕೆ ಹೋಗಗೊಡದೆ ಕೋಣೆಗೆ ಕರೆದು, ಟೈಪಾದ ಹೇಳಿಕೆಯೊಂದನ್ನು ಮುಂದಿಟ್ಟರು.

"ಶೀಲಾವತಿ ಯಾರಿಗೂ ಹೇಳದೆ ಮಿಷನ್ ಮುಟ್ಟಿದ್ದು, ನಿಮ್ಮ ಸಹಿಯ ಹಾಳೆ ಕದ್ದದ್ದು. ಇಷ್ಟೇ. ಇಲ್ಲೊಂದು ಸಹಿ ಹಾಕಿ."

"ಅವರಿಗೆ ಹೇಳಿದ್ದು ನೀವಲ್ವಾ ಸರ್?"

"ನಾನಾದ್ರೂ ಎಂತ ಮಾಡುದು ಮಾರಾಯ್ರೆ? ಜನ ಕೊಡಿ ಅಂತ ಏಳು ಸಲ ಬರೆದಿದ್ದೇನೆ." ಅದು ಸುಳ್ಳಲ್ಲ. "ಬರುವ ತಿಂಗಳು ನಿಮ್ಮ ಗುತ್ತಿಗೆ ಮುಗಿಯುದು ಉಂಟಲ್ಲ, ಸ್ವಲ್ಪ ಯೋಚನೆ ಮಾಡಿ."

ಸುಪ್ರಿತಾ ಸಹಿ ಹಾಕದೆ ಲ್ಯಾಬಿಗೆ ಬಂದಳು. ಶೀಲಾವತಿ ಸ್ಟೂಲಿನ ಮೇಲೆ ಕುಳಿತಿದ್ದಳು.

"ಮೇಡಂ, ಆ ನಕ್ಷತ್ರ ಒಳ್ಳೆ ರಿಪೋರ್ಟಿಗೆ ಹಾಕುದು ಅಂತ ಗ್ರಹಿಸಿದೆ ನಾನು. ಶಾಲೆಯಲ್ಲಿ ಟೀಚರು ಮಕ್ಕಳ ಪುಸ್ತಕಕ್ಕೆ ಹಾಕುದಿಲ್ವಾ? ನಾನೇ ಕೊಂದದ್ದಾ ಆ ಕೂಸನ್ನು?"

"ನಾನು ಕಲಿಸಿದ್ರೆ ಅಲ್ವಾ ಶೀಲಕ್ಕ ನಿಮಗೆ ಗೊತ್ತಾಗುದು?"

ಸುಪ್ರಿತಾ ಕುಳಿತು ತನ್ನ ಕೈಯಲ್ಲೇ ಬರೆದಳು. ಖಾಲಿ ಹುದ್ದೆ ಎಷ್ಟು, ಖಾಲಿ ಹಾಳೆಗೆ ಸಹಿ ಹಾಕಿಸಿದ್ದು ಯಾರು, ಹಾಕಿದ್ದು ಯಾರು, ಎಷ್ಟು ಕಾಲದಿಂದ. ಎರಡು ಪ್ರತಿ ಮಾಡಿ ಒಂದನ್ನು ಡಾಕ್ಟರ ಮೇಜಿನ ಮೇಲಿಟ್ಟು ಹೊರಬಂದಳು. ಬಾಗಿಲಲ್ಲಿ ತೀರ್ಥರಾಮ ರಿಪೋರ್ಟ್ ಹಿಡಿದು ನಿಂತಿದ್ದ.

"ಸುಪ್ರಿತಾ ಅಂದ್ರೆ ನೀವಾ? ನನ್ನ ಮಗಳ ರಕ್ತ ನೋಡಿದ್ದು?"

"ನಾನು ಅವತ್ತು ಇಲ್ಲಿರಲಿಲ್ಲ."

"ಮತ್ತೆ ಯಾರು ನೋಡಿದ್ದು?"

"ಯಾರೂ ನೋಡ್ಲಿಲ್ಲ."

ಇನ್ನೊಂದು ಪ್ರತಿಯನ್ನು ಅವನಿಗೆ ಕೊಟ್ಟಳು. ಅವನು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದ. ಕೊನೆಗೆ ತಲೆಯೆತ್ತಿದ.

"ಇದನ್ನು ಮೊದಲೇ ಬರೀಲಿಕ್ಕೆ ಎಂತ ಆಗಿತ್ತು ನಿಮಗೆ? ಒಂದೂವರೆ ವರ್ಷ ಎಂತ ಮಾಡ್ತಾ ಇದ್ರಿ?"

"ಸಹಿ ಹಾಕ್ತಾ ಇದ್ದೆ."

ಹೊಡೆಯುತ್ತಾನೆಂದೇ ಅವಳು ಕಾದಳು. ಅವನು ಹಾಳೆ ಮಡಚಿ ಅಂಗಿಯ ಕಿಸೆಗೆ ಹಾಕಿದ. "ಸ್ಟೇಷನ್ನಿಗೆ ಹೋಗುದು. ನೀವೂ ಬರಬೇಕು. ಇದನ್ನೇ ಅಲ್ಲಿ ಹೇಳಬೇಕು."

ಅವಳು ಚಪ್ಪಲಿ ಮೆಟ್ಟಿದಳು. ಬೆಂಚುಗಳಲ್ಲಿ ಹದಿಮೂರು ಮಂದಿ ಜ್ವರದವರು ಚೀಟಿ ಹಿಡಿದು ಕುಳಿತಿದ್ದರು.

"ಮೇಡಂ, ಎಲ್ಲಿಗೆ?" ಒಬ್ಬಾಕೆ ಎದ್ದು ನಿಂತಳು. "ನಮ್ಮ ರಕ್ತ ನೋಡುದಿಲ್ವಾ ಇವತ್ತು?"