ಹದಿನಾಲ್ಕನೆಯ ಸೆಕೆಂಡು

ಮಾದೊಕಾಗೆ ಆ ಭೂಕಂಪ ಬಾಯಿಪಾಠವಾಗಿತ್ತು. ಬೆಟ್ಟದ ಊರೊಂದರಲ್ಲಿ ಹಿಂದೆಂದೋ ದಾಖಲಾಗಿದ್ದ ನಡುಕ. ಒಟ್ಟು ನಲವತ್ತು ಸೆಕೆಂಡು. ಎರಡು ವರ್ಷ ಅದರ ಗೆರೆಗಳನ್ನೇ ನೋಡಿ ನೋಡಿ, ಈಗ ಕಣ್ಣು ಮುಚ್ಚಿದರೂ ಎದುರಿಗೆ ಬರುತ್ತಿತ್ತು. ಮೊದಲ ಆರು ಸೆಕೆಂಡು ಬರೀ ಗುರುಗುರು. ಒಂಬತ್ತಕ್ಕೆ ಮೊದಲ ದೊಡ್ಡ ಹೊಡೆತ. ಹನ್ನೆರಡರಿಂದ ಎರಡು ಸೆಕೆಂಡು ಉಸಿರು ಬಿಗಿಹಿಡಿದಂಥ ತಗ್ಗು. ಹದಿನಾಲ್ಕಕ್ಕೆ ಮನೆ ಬೀಳಿಸುವ ಹೊಡೆತ.

ವಿಶ್ವವಿದ್ಯಾಲಯದ ಹಿಂದಿನ ಪ್ರಯೋಗದ ಶೆಡ್ಡಿನಲ್ಲಿ, ಭೂಕಂಪದಂತೆ ಅಲುಗುವ ಕಂಪನ ವೇದಿಕೆಯ ಮೇಲೆ, ಬಡಗಿಗಳು ಹಳೇ ಪದ್ಧತಿಯಲ್ಲಿ ಒಂದು ಪುಟ್ಟ ಎರಡಂತಸ್ತಿನ ಮರದ ಮನೆ ಕಟ್ಟಿದ್ದರು. ಆ ಬುಧವಾರ ಮಧ್ಯಾಹ್ನ ಅದನ್ನು ಆ ಭೂಕಂಪದ ಗೆರೆಗಳಂತೆಯೇ ಅಲ್ಲಾಡಿಸುವುದಿತ್ತು. ಹದಿನಾಲ್ಕನೆಯ ಸೆಕೆಂಡಿಗೆ ಬಾಗಿಲ ಪಕ್ಕದ ಕಂಬ ಮುರಿಯುತ್ತದೆ ಎಂದು ಮಾದೊಕಾ ಲೆಕ್ಕ ಹಾಕಿದ್ದಳು. ಲೆಕ್ಕ ಸರಿಯಾದರೆ ಅವಳ ಡಾಕ್ಟರೇಟ್ ಮುಗಿದ ಹಾಗೆ.

ಮಹಡಿಯ ಮೇಲಿನ ಒಂದು ಸೆನ್ಸರ್ ಸಡಿಲವಾಗಿದೆ ಎಂದು ಕೊನೇ ಗಳಿಗೆಯಲ್ಲಿ ಗೊತ್ತಾಯಿತು. ವೇದಿಕೆ ಹತ್ತುವ ಮುನ್ನ, ಒಳಗೆ ಆಳಿದೆ ಎಂಬ ಗುರುತಿಗೆ, ಹಲಗೆಯ ಮೇಲಿರುವ ತನ್ನ ಹೆಸರಿನ ಚೀಟಿಯನ್ನು ಕೆಂಪು ಬದಿಗೆ ತಿರುಗಿಸಬೇಕು; ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಮಾದೊಕಾಳ ಎರಡೂ ಕೈಯಲ್ಲಿ ಸಾಮಾನು, ಬಾಯಲ್ಲಿ ಟೇಪಿನ ತುದಿ. ಎರಡು ನಿಮಿಷದ ಕೆಲಸ ತಾನೇ, ಎಂದುಕೊಂಡು ಹಾಗೇ ಹತ್ತಿಬಿಟ್ಟಳು. ವಾಕಿ-ಟಾಕಿ ಮೇಜಿನ ಮೇಲೇ ಉಳಿಯಿತು.

ಮಂಡಿಯೂರಿ ಸ್ಕ್ರೂ ಬಿಗಿಯುತ್ತಿದ್ದಾಗ ಸೈರನ್ ಕೂಗಿತು. ಒಂದು. ಎರಡು. ಎರಡು ಸಲ ಕೂಗಿದರೆ ಬರೀ ಸೈರನ್ನಿನ ಪರೀಕ್ಷೆ, ಮೂರಾದರೆ ವೇದಿಕೆ ಅಲುಗುವ ಸೂಚನೆ. ಅವಳು ಮತ್ತೆ ಸ್ಕ್ರೂಗೆ ಕೈ ಹಾಕಿದಳು.

ಮೂರು.

ಅವಳು ಸ್ಕ್ರೂ ಬಿಟ್ಟು, ವೇದಿಕೆ ನಡೆಸುವವರನ್ನು ಕೂಗಿದಳು.

"ಕುಸಾಬಾ ಸಾನ್! ನಾನಿದೀನಿ! ಒಳಗಿದೀನಿ!"

ಕೆಳಗೆ ವೇದಿಕೆ ಅಲುಗಿಸುವ ಎಣ್ಣೆಯ ಪಂಪುಗಳು ಆಗಲೇ ಬೊಬ್ಬೆ ಹೊಡೆಯುತ್ತಿದ್ದವು. ಅವಳ ಕೂಗು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಮಹಡಿಯ ಕಿಟಕಿಗೆ ಪ್ಲೈವುಡ್ ಹೊಡೆದಿತ್ತು. ಸೈರನ್ ಆದ ಮೇಲೆ ಹತ್ತು ಸೆಕೆಂಡು ಬಿಡುವು. ಎದ್ದು ಮೆಟ್ಟಿಲ ಕಡೆ ಓಡಿದಳು. ಅರ್ಧ ಇಳಿದಿದ್ದಳೋ ಇಲ್ಲವೋ, ಕಾಲಡಿಯ ಹಲಗೆ ಮೆಲ್ಲಗೆ ಗುರುಗುಟ್ಟಿತು.

ತನಗೆ ಗೊತ್ತಿಲ್ಲದೆಯೇ ಅವಳು ಎಣಿಸತೊಡಗಿದಳು. ಒಂದು, ಎರಡು, ಮೂರು. ಮೆಟ್ಟಿಲ ಬುಡದಿಂದ ಬಾಗಿಲಿಗೆ ಆರು ಹೆಜ್ಜೆ. ಅಲುಗುವ ಮೆಟ್ಟಿಲು ಇಳಿಯುವಷ್ಟರಲ್ಲೇ ಒಂಬತ್ತಾಗುತ್ತದೆ, ಆ ಹೊಡೆತಕ್ಕೆ ಯಾರೂ ನಿಂತಿರಲಾರರು. ಹನ್ನೆರಡರ ತಗ್ಗಿನಲ್ಲಿ ಓಡಬೇಕು. ಹದಿನಾಲ್ಕರೊಳಗೆ ಆ ಕಂಬವನ್ನು ದಾಟಿರಬೇಕು. ಬುಡಕ್ಕೆ ಇಳಿದು ಮೆಟ್ಟಿಲ ಗೂಟವನ್ನು ಎರಡೂ ತೋಳಿನಲ್ಲಿ ಅಪ್ಪಿಕೊಂಡಳು.

ಒಂಬತ್ತು. ಮನೆ ಅವಳನ್ನು ಬಿಟ್ಟು ಪಕ್ಕಕ್ಕೆ ಹೋದ ಹಾಗಾಯಿತು. ಮರುಗಳಿಗೆ ತಿರುಗಿ ಬಂದು ಅವಳ ಭುಜಕ್ಕೆ ಗುದ್ದಿತು. ಮೊಳೆಗಳು ಕಿರುಚಿದವು. ಗೋಡೆಯ ಮಣ್ಣು ಕಣ್ಣು ಬಾಯಿಗೆಲ್ಲ ತುಂಬಿತು. ಹತ್ತು. ಹನ್ನೊಂದು. ಆಮೇಲೆ ಅವಳ ಯಾವ ಕಾಗದದಲ್ಲೂ ಇಲ್ಲದ ಒಂದು ಎಳೆತ ಬಂತು. ಅವಳು ಗೂಟದ ಸಮೇತ ನೆಲಕ್ಕೆ ಬಿದ್ದಳು. ಮೆಟ್ಟಿಲ ಸಾಲು ಕಳಚಿ ಎಡಗಾಲ ಮೇಲೆ ಕೂತಿತು.

ಹನ್ನೆರಡು. ಹದಿಮೂರು. ಅವಳು ತಲೆಯನ್ನು ತೋಳಿನಲ್ಲಿ ಮುಚ್ಚಿಕೊಂಡಳು. ಹದಿನಾಲ್ಕು.

ಏನೂ ಬರಲಿಲ್ಲ.

ಹದಿನೈದು ಆಯಿತು, ಇಪ್ಪತ್ತು ಆಯಿತು. ಅಲುಗಾಟವಿಲ್ಲ. ಇಂಥ ನಿಶ್ಶಬ್ದ ಆ ಭೂಕಂಪದಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿಯ ತನಕದ ಹೆದರಿಕೆಗೆ ಒಂದು ಲೆಕ್ಕವಾದರೂ ಇತ್ತು. ಈಗ ಅದೂ ತಪ್ಪಿಹೋಗಿತ್ತು. ಮೇಲೆ ಒಂದು ಹೆಂಚು ಜಾರಿ ಒಡೆದ ಸದ್ದಿಗೆ ಅವಳು ಚಿಕ್ಕ ಮಗುವಿನಂತೆ ಚೀರಿದಳು.

"ಮಾದೊಕಾ ಚಾನ್! ಮಾತಾಡು! ಜೀವ ಇದೆಯಾ?"

ಕುಸಾಬಾ ಸಾನ್. ಇಪ್ಪತ್ತೇಳು ವರ್ಷದಿಂದ ಆ ವೇದಿಕೆಯನ್ನು ನಡೆಸುತ್ತಿದ್ದ, ಅವಳನ್ನು ಮುದ್ದಿಗೆ ‘ಚಾನ್’ ಎನ್ನುತ್ತಿದ್ದ ಮನುಷ್ಯ. ಕ್ಯಾಮೆರಾದ ಪರದೆಯಲ್ಲಿ ಗೂಟ ಹಿಡಿದ ಒಂದು ಕೈ ಕಂಡು, ವೇದಿಕೆಯನ್ನು ಗಕ್ಕನೆ ನಿಲ್ಲಿಸುವ ಕೆಂಪು ಗುಂಡಿ ಗುದ್ದಿದ್ದರು. ಆ ಕೊನೆಯ ಎಳೆತ ಅದರದು.

"ಕಾಲು ಸಿಕ್ಕಿಹಾಕ್ಕೊಂಡಿದೆ," ಎಂದಳು.

ಹೊರಗಿನಿಂದ ಅವಳ ಮಾರ್ಗದರ್ಶಕರಾದ ಹೊಶಿಕಾವಾ ಮೇಷ್ಟ್ರ ದನಿ ಕೇಳಿತು. "ಕುಸಾಬಾ ಸಾನ್, ಹತ್ತಬೇಡಿ! ಮನೆ ವಾಲಿದೆ. ಮೊದಲು ಕ್ರೇನಿಂದ ಛಾವಣಿ ಎತ್ತಿ ಹಿಡೀಬೇಕು."

"ಅದಕ್ಕೆ ಹತ್ತು ನಿಮಿಷ ಬೇಕು ಮೇಷ್ಟ್ರೇ. ಇದು ಹತ್ತು ನಿಮಿಷ ನಿಲ್ಲುತ್ತಾ?" ಎಂದ ಕುಸಾಬಾ ಬಾಗಿಲ ಬಳಿ ಬಗ್ಗಿ ಒಳಗೆ ನೋಡಿದರು. "ಲೆಕ್ಕ ಹಾಕಿದೋಳು ನೀನೇ ಅಲ್ವಾ? ಹೇಳು, ಕಂಬ ತಡೆಯುತ್ತಾ?"

ಮಾದೊಕಾ ಕತ್ತು ತಿರುಗಿಸಿದಳು. ಕಂಬದ ನಡುವೆ ಬುಡದಿಂದ ಎದೆಯೆತ್ತರಕ್ಕೆ ಬಿರುಕು ಬಿಟ್ಟಿತ್ತು. ಒಳಗಿನ ಮರ ಹಸಿಯಾಗಿ, ಹಳದಿಯಾಗಿ ಕಾಣುತ್ತಿತ್ತು. ನಿಲ್ಲುತ್ತದೆ ಎಂದರೆ ಅವರು ಒಳಗೆ ಬರುತ್ತಾರೆ. ನಿಲ್ಲುವುದಿಲ್ಲ ಎಂದರೆ ತಾನೊಬ್ಬಳೇ ಇದರಡಿ ಇರಬೇಕು.

"ಗೊತ್ತಿಲ್ಲ," ಎಂದಳು. "ನಂಗೆ ನಿಜವಾಗ್ಲೂ ಗೊತ್ತಿಲ್ಲ, ಕುಸಾಬಾ ಸಾನ್."

"ಸರಿ ಬಿಡು. ನಂಗೂ ಗೊತ್ತಿಲ್ಲ."

ಅವರು ತೆವಳಿಕೊಂಡೇ ಬಂದರು, ಕೈಯಲ್ಲಿ ಕಾರಿನ ಜ್ಯಾಕು. ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು. ಜ್ಯಾಕನ್ನು ಮೆಟ್ಟಿಲಡಿ ಇಟ್ಟು ತಿರುಗಿಸುವಾಗ ಎರಡು ಸಲ ಹಿಡಿ ಜಾರಿತು. ಒಂದೊಂದು ಸುತ್ತಿಗೂ ಮನೆ ಎಲ್ಲೋ ಒಂದು ಕಡೆ ಲಟಕ್ ಎನ್ನುತ್ತಿತ್ತು. ಆಗೆಲ್ಲ ಇಬ್ಬರೂ ಕಲ್ಲಾಗಿ, ಸದ್ದು ನಿಂತ ಮೇಲೆ ಉಸಿರು ಬಿಡುತ್ತಿದ್ದರು.

"ನಾನು ಚೀಟಿ ತಿರುಗಿಸಲಿಲ್ಲ," ಎಂದಳು ಮಾದೊಕಾ ಅಳುತ್ತ. "ತಪ್ಪು ನಂದೇ."

"ಬಾಯ್ಮುಚ್ಚು. ಅಳೋದೂ ಬೈಸ್ಕೊಳ್ಳೋದೂ ಎಲ್ಲಾ ಹೊರಗೆ ಹೋದ್ಮೇಲೆ. ಈಗ ಎಳ್ಕೋ!"

ಕಾಲು ಬಂತು, ಬೂಟು ಉಳಿಯಿತು. ಕುಸಾಬಾ ಅವಳ ಕಂಕುಳಿಗೆ ಕೈ ಕೊಟ್ಟು ಆ ಕಂಬದ ಪಕ್ಕದಿಂದಲೇ ಎಳೆದುಕೊಂಡು ಹೊರಗೆ ಬಂದರು. ಪ್ರಯೋಗ ನೋಡಲು ಬಂದಿದ್ದ ಅತಿಥಿಗಳು, ವಿದ್ಯಾರ್ಥಿಗಳು ಗಾಜಿನ ಹಿಂದೆ ನಿಂತಿದ್ದರು. ಹೊಶಿಕಾವಾ ಮೇಷ್ಟ್ರು ಕ್ಷಮೆ ಕೋರಿ ಅವಳ ಮುಂದೆ ಸೊಂಟ ಬಗ್ಗಿಸಿ ತಲೆತಗ್ಗಿಸಿದವರು ಎಷ್ಟು ಹೊತ್ತಾದರೂ ಮೇಲಕ್ಕೇಳಲಿಲ್ಲ.

ಮನೆ ಬೀಳಲಿಲ್ಲ. ಎರಡು ದಿನ ಹಾಗೇ ವಾಲಿಕೊಂಡು ನಿಂತಿತ್ತು. ಕೊನೆಗೆ ಬಡಗಿಗಳೇ ಬಂದು ಬಿಚ್ಚಿದರು. ಹನ್ನೊಂದನೆಯ ಸೆಕೆಂಡಿಗೆ ಕಂಬ ಅಷ್ಟು ಸೀಳಬಾರದಿತ್ತು. ಸೀಳಿದ ಮೇಲೆ ಅಷ್ಟು ಹೊತ್ತು ನಿಲ್ಲಬಾರದಿತ್ತು. ಮಾದೊಕಾಳ ಲೆಕ್ಕ ಎರಡು ಕಡೆಯೂ ತಪ್ಪಿತ್ತು. ಶೆಡ್ಡಿಗೆ ಮೂರು ತಿಂಗಳು ಬೀಗ ಬಿತ್ತು. ಕುಸಾಬಾ ರಾಜೀನಾಮೆ ಬರೆದುಕೊಟ್ಟರು, ಮೇಷ್ಟ್ರು ಹರಿದುಹಾಕಿದರು. ಮುರಿದ ಪಾದ ಕೂಡಿಕೊಂಡ ಮೇಲೆ ಮಾದೊಕಾ ಪ್ರಬಂಧವನ್ನು ಮೊದಲ ಪುಟದಿಂದ ಮತ್ತೆ ಬರೆಯಲು ಕೂತಳು.

ವಸಂತದ ಒಂದು ಬೆಳಗ್ಗೆ ಅವಳು ಕ್ಯಾಂಟೀನಿನಲ್ಲಿ ಮಿಸೋ ಸಾರು ಕುಡಿಯುತ್ತಿದ್ದಾಗ ನಿಜವಾದ ಭೂಮಿಯೇ ಸ್ವಲ್ಪ ಅಲುಗಿತು. ಆ ಊರಿನಲ್ಲಿ ಅದು ಹೊಸದಲ್ಲ. ಸುತ್ತಲಿನವರು ಬಟ್ಟಲನ್ನು ಕೈಯಲ್ಲಿ ಹಿಡಿದು, ದೀಪ ತೂಗುವುದು ನಿಲ್ಲುವ ತನಕ ನೋಡಿ, ಮತ್ತೆ ತಿನ್ನತೊಡಗಿದರು. ಮಾದೊಕಾಗೆ ತಾನೆಲ್ಲಿದ್ದೇನೆಂಬ ಅರಿವಾದಾಗ ಅವಳು ಅಂಗಳದ ನಡುವೆ ನಿಂತಿದ್ದಳು, ಕೈಯಲ್ಲಿ ಊಟದ ಕಡ್ಡಿ. ಒಂದೂ ಎಣಿಸಿರಲಿಲ್ಲ.

ಅವಳಿಗಿಂತ ಮೊದಲೇ ಅಲ್ಲಿ ಒಬ್ಬರು ಬಂದು ನಿಂತಿದ್ದರು. ಕುಸಾಬಾ. ತುಟಿಗೆ ಅನ್ನದ ಅಗುಳು ಅಂಟಿತ್ತು.

"ನೀನೂನಾ?" ಎಂದರು.

"ಹೂಂ."

"ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಇರೋಣ," ಎಂದು ಅವರು ನೆಲದ ಮೇಲೇ ಕೂತರು. ಅವಳೂ ಪಕ್ಕದಲ್ಲಿ ಕೂತಳು.