ಮೊದಲ ಸಾಲಿನ ಕಿರುಗುಟ್ಟುವ ಕುರ್ಚಿ

ಆ ಕುರ್ಚಿ ಕಿರುಗುಟ್ಟಿದರೆ ಮೂರು ಬೀದಿಯಾಚೆ ಮಲಗಿದ್ದ ನಾಯಿಗಳು ಎದ್ದು ಕೂರುತ್ತಿದ್ದವು. ನಮ್ಮೂರ ಗ್ರಂಥಾಲಯದ ವಿಡಿಯೋ ಕೋಣೆಯಲ್ಲಿ, ಮೊದಲ ಸಾಲಿನ ತುದಿಗಿದ್ದ ಕಬ್ಬಿಣದ ಮಡಿಸುವ ಕುರ್ಚಿ ಅದು. ಕಾತ್ಯಾಯಿನಿ ಟೀಚರ್ ಬೇರೆಲ್ಲೂ ಕೂರುತ್ತಿರಲಿಲ್ಲ. ಮೂವತ್ತು ವರ್ಷ ಸಂಗೀತ ಕಲಿಸಿದವರು. ಕಣ್ಣು ಹೋದ ಮೇಲೆ ಕುರ್ಚಿಗಳನ್ನೂ ದನಿಯಿಂದಲೇ ಗುರುತಿಸುತ್ತಿದ್ದರು. "ಇದೊಂದು ಶ್ರುತಿಗೆ ಹತ್ತಿರ ಇದೆ ಕಣೋ, ಉಳಿದವು ಬರೀ ಗೊಣಗ್ತವೆ," ಎನ್ನುತ್ತಿದ್ದರು.

ಪ್ರತಿ ಬುಧವಾರ ಅವರ ಪಕ್ಕ ಕೂತು, ಪರದೆಯ ಮೇಲೆ ಕಾಣುವುದನ್ನು ಅವರಿಗೆ ಹೇಳುವುದು ನನ್ನ ಕೆಲಸ. ನನ್ನ ನಾಲಿಗೆಗೆ ಎದುರಿಲ್ಲವೆಂದು ಏಳೂರು ಹೇಳುತ್ತಿತ್ತು. ಎಂಟನೆಯ ಊರಿಗೆ ನಾನೇ ಹೋಗಿ ಹೇಳಿಬಂದಿದ್ದೆ. ಒಮ್ಮೆ ಕೆರೆಯ ವಿಡಿಯೋ ಬಂದಾಗ, "ಇನ್ನೂರು ಬಾತುಕೋಳಿ, ಟೀಚರ್!" ಎಂದೆ.

"ಎರಡು ಕೂಗೋದು ಕೇಳ್ತಿದೆ. ಉಳಿದ ನೂರತೊಂಬತ್ತೆಂಟಕ್ಕೆ ಮೌನವ್ರತವೇನೋ?" ಎಂದರು. ಆಮೇಲೆ ಎರಡು ನಿಯಮ ಹಾಕಿದರು: ಇನ್ನೊಬ್ಬರು ಮಾತಾಡುವಾಗ ಬಾಯಿ ಹಾಕದೆ ಮಾತಿನ ಸಂದಿನಲ್ಲಿ ಹೇಳಬೇಕು; ಕಂಡದ್ದನ್ನು ಕಂಡಷ್ಟೇ ಹೇಳಬೇಕು. ಮೊದಲನೆಯದನ್ನು ಪಾಲಿಸಿದೆ.

ಗ್ರಂಥಾಲಯದ ಸುವರ್ಣ ಮಹೋತ್ಸವದ ದಿನ ನಾನು ಹೊರಗೆ ಪಾನಕ ಹಂಚುತ್ತಿದ್ದೆ. ಟೀಚರ್ ಗೋಡೆ ಸವರಿಕೊಂಡು ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಕೋಲಿರಲಿಲ್ಲ. ಸಭೆಯ ನಡುವೆ ಜವಾನ ಮರಿಯಪ್ಪ ರಟ್ಟೆ ಹಿಡಿದು, "ಅಧ್ಯಕ್ಷರು ಹೇಳವ್ರೆ, ಏಳಿ ಟೀಚರ್, ದೊಡ್ಡೋರು ಕೂರಬೇಕು" ಎಂದನಂತೆ. ಕೇಳಲು ಹೋದರೆ ಮರಿಯಪ್ಪ ನೆಲ ನೋಡಿದ. ಅಧ್ಯಕ್ಷ ಗುರುಶಾಂತಪ್ಪನವರು ನಕ್ಕರು. "ನಾನು ಮೈಕ್ ಮುಂದೆ ಭಾಷಣ ಮಾಡ್ತಿದ್ದೆ ಕಣಯ್ಯ, ಊರೇ ಕೇಳಿದೆ. ನಾನು ಯಾವಾಗ ಹೇಳ್ಲಿ? ಕಾಣದೋರು ಏನೋ ಅಂದ್ಕೋತಾರೆ, ಪಾಪ."

ಸಭೆಯಲ್ಲಿದ್ದ ಮುನ್ನೂರು ಜನರಲ್ಲಿ ಒಬ್ಬರಿಗೂ ಏನೂ ಕಂಡಿರಲಿಲ್ಲವಂತೆ. ಟೀಚರಿಗೆ ಭ್ರಮೆ ಎಂದು ಊರು ತೀರ್ಮಾನಿಸಿತು. ಅವರು ಬುಧವಾರ ಬರುವುದನ್ನು ಬಿಟ್ಟರು. ಕುರ್ಚಿ ಉಗ್ರಾಣ ಸೇರಿತು. ಅಂದು ನಾನು ಹಲ್ಲು ಕಡಿದ ಸದ್ದಿಗೆ ಎದುರುಮನೆಯವರು ಹಿಟ್ಟಿನ ಗಿರಣಿ ಶುರುವಾಯಿತೆಂದು ರಾಗಿ ತಂದಿದ್ದರು.

ಆರು ತಿಂಗಳಿಗೆ ಮೇಲಿನಿಂದ ಆದೇಶ ಬಂತು: ಗ್ರಂಥಾಲಯದ ವಿಡಿಯೋಗಳು ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ಮುಟ್ಟುವಂತಿರಬೇಕು, ತನಿಖಾಧಿಕಾರಿ ಬಂದು ನೋಡುತ್ತಾರೆ. ಅಧ್ಯಕ್ಷರು ಮಹೋತ್ಸವದ ವಿಡಿಯೋವನ್ನೇ ಆರಿಸಿದರು. ಅದರಲ್ಲಿ ಅವರಿಗೆ ಹನ್ನೊಂದು ಹಾರ ಬೀಳುತ್ತಿದ್ದವು. ಆಡಿದ ಮಾತೆಲ್ಲ ಪರದೆಯ ಕೆಳಗೆ ಅಕ್ಷರದಲ್ಲಿ ಮೂಡುವಂತೆ ಬರೆಸಿದರು. ಕಂಡದ್ದನ್ನು ಹೇಳಲು ಮಾತ್ರ ನನ್ನ ಮನೆಗೇ ಬರಬೇಕಾಯಿತು.

"ಮೈಕಲ್ಲಿ ಹೇಳಿಬಿಡಪ್ಪ. ನಿನ್ನ ವರಸೆ ಗೊತ್ತಲ್ಲ, ಒಂದಕ್ಕೆ ಹತ್ತು ಸೇರಿಸಿ ಹೇಳು."

ಅಭ್ಯಾಸಕ್ಕೆಂದು ವಿಡಿಯೋವನ್ನು ಸಾವಿರ ಸಲ ನೋಡಿದೆ, ಒಂಬತ್ತು ಎಂದಿಟ್ಟುಕೊಳ್ಳಿ. ಏಳನೆಯ ಸಲ ಎದ್ದು ಬಾಗಿಲ ಚಿಲಕ ಹಾಕಿ, ಒಬ್ಬನೇ ಕುಣಿದೆ. ಆಮೇಲೆ ಟೀಚರ್ ಮನೆಗೆ ಹೋದೆ.

"ಬರಲ್ಲ ಕಣೋ. ನಗಿಸಿಕೊಂಡಿದ್ದು ಸಾಕು."

"ಒಂದೇ ಸಲ ಬನ್ನಿ. ಕಂಡಷ್ಟೇ ಹೇಳ್ತೀನಿ."

"ನೀನಾ?" ಎಂದು, ಚಪ್ಪಲಿ ಹುಡುಕತೊಡಗಿದರು.

ಕೋಣೆ ತುಂಬಿತ್ತು. ಟೀಚರ್ ಹಿಂದಿನ ಬೆಂಚಿನಲ್ಲಿ ಕೂತರು. ಹನ್ನೊಂದು ಹಾರಗಳನ್ನು ನಾನು ಹನ್ನೊಂದೇ ಎಂದಾಗ ಅಧ್ಯಕ್ಷರು ನನ್ನತ್ತ ಒಮ್ಮೆ ತಿರುಗಿ ನೋಡಿದರು. ಪರದೆಯ ಮೇಲೆ ಅವರ ಭಾಷಣ ಶುರುವಾಯಿತು. "ಕಣ್ಣಿಲ್ಲದವರಿಗೂ ನಮ್ಮ ಬಾಗಿಲು ಸದಾ ತೆರೆದಿದೆ" ಎಂದು ಹೇಳಿ, ಚಪ್ಪಾಳೆಗೆಂದು ನಿಂತರು. ಆ ಮಾತು ಪರದೆಯ ಕೆಳಗೆ ಅಕ್ಷರವಾಗಿ ನಿಂತಿತು. ಸಂದು ಸಿಕ್ಕಿತು.

"ಅಧ್ಯಕ್ಷರ ಬಲಗೈಯಲ್ಲಿ ಮೈಕಿದೆ," ಎಂದೆ. "ಎಡಗೈ ಕೆಳಗಿಳಿದಿದೆ. ಅದರ ಎರಡು ಬೆರಳು ಮೊದಲ ಸಾಲಿನ ತುದಿಯನ್ನು ತೋರಿಸಿ, ಬಾಗಿಲ ಕಡೆ ಆಡುತ್ತಿವೆ. ಜವಾನ ತಲೆಯಾಡಿಸುತ್ತಿದ್ದಾನೆ. ಕಾತ್ಯಾಯಿನಿ ಟೀಚರ್ ಅವರ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಾನೆ. ಅವರ ಕೋಲು ಕೆಳಗೆ ಬಿತ್ತು. ಮೊದಲ ಸಾಲಿನವರು ನೋಡುತ್ತಿದ್ದಾರೆ. ಯಾರೂ ಎತ್ತಿಕೊಡುತ್ತಿಲ್ಲ."

"ಏಯ್, ನಿಲ್ಸೋ ಅದನ್ನ!" ಅಧ್ಯಕ್ಷರು ಕೂಗಿದರು.

ತನಿಖೆಗೆ ಬಂದಿದ್ದ ಅಧಿಕಾರಿಯಮ್ಮ ಕನ್ನಡಕ ಸರಿಮಾಡಿಕೊಂಡರು. "ನಿಲ್ಲಿಸಬೇಡಿ. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿ."

ಮೂರು ಸಲ ಹಾಕಿದರು. ಆ ವಿಡಿಯೋವನ್ನು ಹತ್ತಾರು ಸಲ ನೋಡಿದ್ದ ಊರಿಗೆ ಎರಡು ಬೆರಳು ಆಗ ಕಂಡವು. ಮೂರನೆಯ ಸಲ ಮುಗಿಯುವ ಮುಂಚೆ ಮರಿಯಪ್ಪ ಎದ್ದುಹೋಗಿ ಉಗ್ರಾಣದಿಂದ ಕುರ್ಚಿ ಹೊತ್ತು ತಂದ, ಧೂಳನ್ನು ತನ್ನ ಟವೆಲಿನಿಂದಲೇ ಒರೆಸಿ ಹಳೆಯ ಜಾಗದಲ್ಲಿ ಬಿಡಿಸಿಟ್ಟ. ಟೀಚರ್ ನನ್ನ ಹೆಗಲು ಹಿಡಿದು ಮುಂದೆ ಬಂದು ಕೂತರು.

"ಗುರುಶಾಂತಪ್ಪನ ಮುಖ ಈಗ ಹೇಗಿದೆಯೋ?"

ನೋಡಿದೆ. ಆ ಮುಖಕ್ಕೆ ಸೇರಿಸಲು ನನ್ನ ಬಳಿಯೂ ಏನೂ ಉಳಿದಿರಲಿಲ್ಲ.

"ಬೆವೆತಿದೆ ಟೀಚರ್. ಎಲ್ಲರೂ ಅವರನ್ನೇ ನೋಡ್ತಿದಾರೆ. ಅವರು ನೆಲ ನೋಡ್ತಿದಾರೆ."

"ನಿಧಾನವಾಗಿ," ಎಂದರು ಟೀಚರ್, "ಇನ್ನೊಂದ್ಸಲ ಹೇಳು."

ಹೇಳಿದೆ. ಅವರು ಹಿಂದಕ್ಕೆ ಒರಗಿದರು. ಕುರ್ಚಿ ಕಿರುಗುಟ್ಟಿತು, ಆ ಕೋಣೆಗೆ ಕೇಳುವಷ್ಟೇ.